ಮುಂಬೈಯಿಂದ ತಿರುಗಿ ಬಂದ ಲಿಂಗ

ದೊಡ್ಡ ಊರಿಗೆ ಹೋದವರು ಮಾಡುವ ತಪ್ಪುಗಳು ಯಾವುವು ಅಂತ ಆ ಮೇ ತಿಂಗಳಲ್ಲಿ ಗುಡಗೇರಿಯಲ್ಲಿ ಯಾರನ್ನು ಕೇಳಿದ್ದರೂ ನೇರ ದಾನೇಶ್ವರಿಯ ಮನೆಗೆ ಕಳಿಸುತ್ತಿದ್ದರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ದಾನೇಶ್ವರಿ ಹದಿನೈದು ದಿನ ಮೊಬೈಲ್ ತಿಕ್ಕಿ ತಿಕ್ಕಿ ನೋಟ್‌ಬುಕ್ಕಿನ ಎರಡು ಹಾಳೆ ತುಂಬಿಸಿದ್ದಳು. ಮೀಟರ್ ಹಾಕದ ಟ್ಯಾಕ್ಸಿ ಹತ್ತಬಾರದು, ಗುರುತಿಲ್ಲದವರ ಕೈಗೆ ಮೊಬೈಲ್ ಕೊಟ್ಟು ಫೋಟೋ ತೆಗೆಸಿಕೊಳ್ಳಬಾರದು, ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಲ್ಲಬಾರದು, ಪಾಕೀಟು ಹಿಂದಿನ ಕಿಸೆಯಲ್ಲಿಡಬಾರದು, ಬೆಳ್ಳಿ ಬಂಗಾರ ಮೈಮೇಲೆ ಕಾಣಿಸಬಾರದು. ಒಳ್ಳೆಯ ಮಾತೇ ಎಲ್ಲ. ಒಂದರಲ್ಲೂ ಹುಳುಕಿರಲಿಲ್ಲ. ಹುಳುಕಿದ್ದರೆ ಈ ಕತೆ ಹೇಳುವವರಿಗೂ ಸಲೀಸಾಗುತ್ತಿತ್ತು.

ಮುಂಬೈಗೆ ಹೋಗಬೇಕೆಂಬ ಆಸೆ ಆಕೆಯದಲ್ಲ, ಅತ್ತೆ ರೇವವ್ವನದು. ಅರವತ್ತೆಂಟು ವರ್ಷದ ರೇವವ್ವ ಕುಂದಗೋಳ, ಹುಬ್ಬಳ್ಳಿ, ಹೆಚ್ಚೆಂದರೆ ಉಳವಿ ನೋಡಿದ್ದಳು. ಸಮುದ್ರವನ್ನು ಟಿವಿಯಲ್ಲಿ ನೋಡಿದ್ದಳಷ್ಟೇ. ಅಷ್ಟು ನೀರು ಒಂದೇ ಕಡೆ ಇರಲು ಹೇಗೆ ಸಾಧ್ಯ, ಅದರ ದಂಡೆಯಲ್ಲಿ ಒಂದು ಸಲ ನಿಂತು ಸಾಯಬೇಕು ಅಂತ ಎರಡು ವರ್ಷ ಜಪ ಮಾಡಿದಳು. ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ ನಡೆಸುವ ಮಗ ಗೌರೀಶ ಸುಗ್ಗಿ ಮುಗಿದ ಮೇಲೆ ಕೊನೆಗೂ ಟಿಕೆಟ್ ತೆಗೆಸಿದ. ಗಂಡ ಶಂಭುಲಿಂಗಪ್ಪನಿಗೆ ಸಮುದ್ರದ ಹುಚ್ಚೇನೂ ಇರಲಿಲ್ಲ. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ಇದೊಂದನ್ನು ಕೇಳಿದ್ದಾಳೆ, ಹೋಗಿ ಬರೋಣ ಅಂದ.

ಶಂಭುಲಿಂಗಪ್ಪನ ಮಾತು ಬಂತೆಂದರೆ ಅವನ ಎದೆಯ ಮೇಲಿನ ಕರಡಿಗೆಯ ಮಾತೂ ಬರಬೇಕು. ಎಂಟು ವರ್ಷದವನಿದ್ದಾಗ ಮಠದ ಹಿರಿಯ ಅಯ್ಯನವರು, ಇದು ಮೈಮೇಲಿಲ್ಲದೆ ನೀರೂ ಕುಡಿಯಬೇಡ ಅಂತ ಹೇಳಿ ಅವನ ಕೊರಳಿಗೆ ಲಿಂಗ ಕಟ್ಟಿದ್ದರು. ಅವನಪ್ಪ ಅದಕ್ಕೆ ಅಂತ ಮುಷ್ಟಿಯಷ್ಟು ದೊಡ್ಡ ಬೆಳ್ಳಿಯ ಕರಡಿಗೆ ಮಾಡಿಸಿದ್ದ. ಅರವತ್ತಾರು ವರ್ಷದಲ್ಲಿ ಪೂಜೆಯ ಹೊತ್ತು ಬಿಟ್ಟರೆ ಲಿಂಗ ಕರಡಿಗೆಯಿಂದ ಹೊರಬಂದಿರಲಿಲ್ಲ, ಕರಡಿಗೆ ಮೈಬಿಟ್ಟು ಇಳಿದಿರಲಿಲ್ಲ. ಪೂಜೆಯಾಗದೆ ಹನಿ ನೀರು ಮುಟ್ಟುವ ಮನುಷ್ಯನಲ್ಲ. ಶುಗರ್ ಇದ್ದವರು ಬೆಳಗ್ಗೆ ಎದ್ದಕೂಡಲೇ ಏನಾದರೂ ತಿನ್ನಬೇಕು ಅಂತ ಡಾಕ್ಟರು ಬೈದರೆ, ಅದಕ್ಕಾಗಿ ನಾಲ್ಕೂವರೆಗೇ ಎದ್ದು ಸ್ನಾನ ಮಾಡುತ್ತಿದ್ದನೇ ಹೊರತು ಪೂಜೆ ಹಿಂದೆ ಹಾಕುತ್ತಿರಲಿಲ್ಲ.

ಕರಡಿಗೆ ಮನೆಯಲ್ಲಿಟ್ಟು ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು ಬನ್ನಿ ಅಂತ ದಾನೇಶ್ವರಿ ಹೊರಡುವ ಮುಂಚೆ ಹೇಳಿಯೇ ಹೇಳಿದ್ದಳು. ಆಕೆಯ ಲಿಂಗವೂ ಅತ್ತೆಯ ಲಿಂಗವೂ ಅರಿವೆಯಲ್ಲೇ ಇದ್ದವು, ಕುಪ್ಪಸದೊಳಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಾವ ನಕ್ಕುಬಿಟ್ಟ. ತನ್ನ ಎದೆಯ ಮೇಲೆ ಕೈ ಹಾಕುವ ಗಂಡಸು ಮುಂಬೈಯಲ್ಲಿ ಇನ್ನೂ ಹುಟ್ಟಿಲ್ಲ ಅಂದ. ಗೌರೀಶನೂ ನಕ್ಕ. ಆದರೆ ಆ ವಿಚಾರ ದಾನೇಶ್ವರಿಯ ತಲೆಯಿಂದ ಇಳಿಯಲಿಲ್ಲ.

ರವಿವಾರ ಬೆಳಗ್ಗೆ ಮುಂಬೈ ಮುಟ್ಟಿದರು. ಸಂಜೆ ರೇವವ್ವ ಸಮುದ್ರ ನೋಡಿದಳು. ಸೀರೆ ಮೊಣಕಾಲಿಗೆ ಏರಿಸಿಕೊಂಡು, ಬಂದ ತೆರೆಗೆಲ್ಲ ಕೈಮುಗಿದು, ಅರ್ಧ ತಾಸು ಬಾಯಿ ತೆರೆದು ನಿಂತಳು. ಶಂಭುಲಿಂಗಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. ಹೆಂಡತಿಯನ್ನು ನೋಡಿ ನೋಡಿ ನಕ್ಕು, ಸೊಸೆಗೆ ಕಣ್ಣಲ್ಲೇ ತೋರಿಸಿದ.

ಸೋಮವಾರ ಒಂಬತ್ತು ಗಂಟೆಗೆ ಲೋಕಲ್ ಟ್ರೇನು ಹಿಡಿಯಲು ನಾಲ್ವರೂ ಪ್ಲಾಟ್‌ಫಾರ್ಮಿಗೆ ಬಂದರು. ಅಬ್ಬಾ, ಆ ಮಂದಿ! ಸಂತೆಯ ಮಂದಿ ನೋಡಿದವರಿಗೆ, ಜಾತ್ರೆಯ ಮಂದಿ ನೋಡಿದವರಿಗೆ ಅದು ಗೊತ್ತಾಗುವಂಥದ್ದಲ್ಲ. ಇಲ್ಲಿಯ ಮಂದಿ ಮುಖ ನೋಡುವುದಿಲ್ಲ, ನೂಕಿ ನಡೆಯುತ್ತದೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಶಂಭುಲಿಂಗಪ್ಪನ ಎದೆಯತ್ತ ಬೆರಳು ತೋರಿಸಿ, ಚಾಂದಿ ಒಳಗಿಟ್ಟುಕೋ ಅಜ್ಜಾ, ಎಳೆದು ಕಿತ್ತುಕೊಂಡು ಹೋಗುತ್ತಾರೆ ಅಂತ ಮರಾಠಿಯಲ್ಲಿ ಹೇಳಿ ಹೋದಳು. ಕರಡಿಗೆಯ ದಾರ ಬಲು ಗಟ್ಟಿಯದು. ಎಳೆದರೆ ದಾರ ಹರಿಯುವ ಮೊದಲು ಮುದುಕನ ಕೊರಳೇ ಕೊಯ್ದೀತು, ಓಡುವ ಟ್ರೇನಿನಿಂದ ಮನುಷ್ಯನೇ ಹೊರಗೆ ಬಿದ್ದಾನು ಅಂತ ದಾನೇಶ್ವರಿಗೆ ಹೆದರಿಕೆಯಾಯಿತು.

"ಮಾವಾರ, ಅರ್ಧ ತಾಸಿನ ಮಾತ್ರಿ. ನನ್ನ ಬ್ಯಾಗಿನ್ಯಾಗ ಕೊಡ್ರಿ. ಎದಿಗೆ ಅವಚಿ ಹಿಡಕೋತೀನಿ. ಇಳದ ಕೂಡಲೇ ಹಾಕ್ಕೊಳ್ರಿ," ಅಂದಳು.

ಶಂಭುಲಿಂಗಪ್ಪ ಆಕೆಯ ಮುಖ ನೋಡಿದ, ಮಂದಿಯನ್ನು ನೋಡಿದ. ಅವನಿಗೂ ಹೆದರಿಕೆಯಾಗಿತ್ತು. ಹೇಳಿಕೊಳ್ಳುವವನಲ್ಲ. ಸೊಸೆಯ ಮಾತನ್ನು ಎರಡು ಸಲ ತೆಗೆದುಹಾಕಿ ಅವನಿಗೆ ರೂಢಿಯೂ ಇರಲಿಲ್ಲ. ಮನೆತನದಲ್ಲಿ ಮೊದಲು ಪಗಾರ ತಂದ ಹೆಣ್ಣುಮಗಳು ಅಂತ ಊರ ತುಂಬ ಹೇಳಿಕೊಂಡು ತಿರುಗಿದವನು. ನೀನು ಓದಿದವಳು, ನಿನಗೆ ಗೊತ್ತಿರುತ್ತದೆ ಅಂತ ಅಂದು, ಕಣ್ಣುಮುಚ್ಚಿ, ದಾರವನ್ನು ತಲೆಯ ಮೇಲಿಂದ ತೆಗೆದು ಕೊಟ್ಟ. ರೇವವ್ವ ಬೇಡ ಅನ್ನುವಂತೆ ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ಟ್ರೇನು ಬಂತು.

ಎಂಟು ನಿಲ್ದಾಣ. ದಾನೇಶ್ವರಿ ಬ್ಯಾಗನ್ನು ಕೂಸಿನಂತೆ ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಎರಡೂ ಕೈ ಬ್ಯಾಗಿನ ಮೇಲ್ಗಡೆ ಇದ್ದವು, ಬ್ಯಾಗಿನ ಕೆಳಗೆ ಏನಾಗುತ್ತಿದೆ ಅಂತ ಆಕೆಗೆ ಹೇಗೆ ಕಾಣಬೇಕು? ಇಳಿದು ನೋಡಿದರೆ ತಳದಲ್ಲಿ ಒಂದು ಗೇಣು ಸೀಳು, ಬ್ಲೇಡಿನಿಂದ ನೇರ ಗೆರೆ ಎಳೆದಂತೆ. ಮಾತ್ರೆಯ ಡಬ್ಬಿ ಇತ್ತು, ನೀರಿನ ಬಾಟಲಿ ಇತ್ತು, ಆಧಾರ್ ಕಾರ್ಡುಗಳಿದ್ದವು. ಕರಡಿಗೆ ಇರಲಿಲ್ಲ.

ಆಕೆ ಚೀರಲಿಲ್ಲ. ಬ್ಯಾಗನ್ನು ಮಾವನ ಮುಂದೆ ಹಿಡಿದಳು. ಅವನು ಸೀಳಿನೊಳಗೆ ಬೆರಳು ತೂರಿಸಿ ಆಚೆಗೆ ತೆಗೆದ, ಮತ್ತೆ ತೂರಿಸಿದ. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಕುಳಿತುಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಪೊಲೀಸರು ದೂರು ಬರೆದುಕೊಂಡರು. ಬೆಳ್ಳಿಯ ಡಬ್ಬಿ ಒಂದು. ಒಳಗೆ ಏನಿತ್ತು ಅಂತ ಹಿಂದಿಯಲ್ಲಿ ಕೇಳಿದಾಗ ಗೌರೀಶ ತಡವರಿಸಿ ತಡವರಿಸಿ, ಒಳಗೆ ದೇವರಿದ್ದ ಅಂದ. ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿ ಶಂಭುಲಿಂಗಪ್ಪನನ್ನು ನೋಡಿದ, ಕುರ್ಚಿ ಎಳೆದು ಕೊಟ್ಟ, ನೀರು ತರಿಸಿದ. ಶಂಭುಲಿಂಗಪ್ಪ ಗ್ಲಾಸಿಗೆ ಕೈಮುಗಿದು ಹಾಗೇ ಇಟ್ಟ. ನೀರಿನ ಮಾತು ಅಲ್ಲಿಂದ ಶುರುವಾಯಿತು.

ಲಿಂಗ ಮೈಮೇಲಿಲ್ಲದೆ ಅವನು ನೀರು ಕುಡಿಯುವುದಿಲ್ಲ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಸೋಲುತ್ತಾನೆ ಅಂದುಕೊಂಡರು. ಮೇ ತಿಂಗಳ ಮುಂಬೈ, ಕುಳಿತಲ್ಲೇ ಬೆವರು ಹರಿಯುತ್ತದೆ. ಲಾಡ್ಜಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತವನು ಸಂಜೆಯಾದರೂ ಅಲುಗಲಿಲ್ಲ. ಶುಗರಿನ ಮಾತ್ರೆ ನುಂಗಲಿಲ್ಲ. ಗೌರೀಶ ಅವತ್ತೇ ಹೊರಡಲು ಟಿಕೆಟ್ ಹುಡುಕಿದ. ರಜೆಯ ದಿನಗಳು, ಒಂದೂ ಸಿಗಲಿಲ್ಲ. ಬಾಡಿಗೆ ಕಾರು ಮಾಡೋಣ ಅಂದರೆ ಶಂಭುಲಿಂಗಪ್ಪನೇ ಒಪ್ಪಲಿಲ್ಲ. ಕಳೆದುಕೊಂಡ ಊರು ಇದು, ಸಿಕ್ಕರೆ ಇಲ್ಲೇ ಸಿಗಬೇಕು, ಟಿಕೆಟ್ ಇರುವ ಮಂಗಳವಾರ ಸಂಜೆಯ ತನಕ ಕಾಯುತ್ತೇನೆ ಅಂದ.

ಗೌರೀಶ ಊರಿಗೆ ಫೋನ್ ಹಚ್ಚಿ ಮಠದ ಕಾಶಿನಾಥಯ್ಯನವರನ್ನು ಹಿಡಿದ. ಲಿಂಗ ಕಟ್ಟಿದ ಹಿರಿಯ ಅಯ್ಯನವರ ಮಗ ಅವರು. ಅವರಂತೂ ಸಾಫ್ ಹೇಳಿದರು: ನೀರು ಕುಡೀರಿ, ಊಟ ಮಾಡ್ರಿ, ಊರಿಗೆ ಬಂದ ಕೂಡಲೇ ಹೊಸದು ಕಟ್ಟುತ್ತೇನೆ, ಪಾಪ ಬಂದರೆ ನನಗೆ ಬರಲಿ. ಶಂಭುಲಿಂಗಪ್ಪ ಫೋನಿಗೆ ತಲೆಬಾಗಿ, ಹೌದ್ರೀ ಅಪ್ಪಾರ ಅಂದ. ಫೋನ್ ಮಗನ ಕೈಗೆ ಕೊಟ್ಟು ಮತ್ತೆ ಗೋಡೆಗೆ ಮುಖ ತಿರುಗಿಸಿದ. ನಿಮ್ಮಪ್ಪ ನನಗೆ ಹೇಳಿದ್ದು ಬೇರೆ ಅಂತ ಅಯ್ಯನವರಿಗೆ ಎದುರುತ್ತರ ಕೊಡುವ ಮನುಷ್ಯನಲ್ಲ ಅವನು.

ರೇವವ್ವ ಕುಪ್ಪಸದೊಳಗಿನ ತನ್ನ ಲಿಂಗ ಬಿಚ್ಚಿ ಮುಂದೆ ಹಿಡಿದಳು. ಇದನ್ನೇ ಹಿಡಿದು ಪೂಜೆ ಮಾಡಿ ಒಂದು ಗುಟುಕು ಕುಡಿಯಿರಿ ಅಂತ ಅತ್ತಳು. ಅವನು ಮೆಲ್ಲಗೆ ಆಕೆಯ ಮುಷ್ಟಿ ಮುಚ್ಚಿದ. ಅವರವರ ಲಿಂಗ ಅವರವರದು, ನಿನ್ನದು ನನಗಾಗುವುದಿಲ್ಲ, ನನ್ನದು ನಿನಗಾಗುವುದಿಲ್ಲ ಅಂದ. ಮಂಗಳವಾರ ಬೆಳಗ್ಗೆ ಡಾಕ್ಟರೊಬ್ಬನನ್ನು ರೂಮಿಗೇ ಕರೆಸಿದರು. ಸಲಾಯಿನ್ ಹಚ್ಚಬೇಕು, ವಯಸ್ಸಾದವರು, ಶುಗರ್ ಬೇರೆ, ಕಿಡ್ನಿ ಕೈಕೊಡುತ್ತದೆ ಅಂದ. ಶಂಭುಲಿಂಗಪ್ಪ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡ. ಬಾಯಿಯಿಂದ ಹೋದರೇನು, ನರದಿಂದ ಹೋದರೇನು, ನೀರು ನೀರೇ ಅಂತ ಅವನ ಲೆಕ್ಕ. ಗೌರೀಶ ಗೋಡೆಗೆ ತಲೆ ಚಚ್ಚಿಕೊಂಡ. ದಾನೇಶ್ವರಿಯ ಕಡೆ ಒಂದು ಸಲ ತಿರುಗಿ, ನಿನ್ನ ಪಟ್ಟಿಗೆ ಬೆಂಕಿ ಹಚ್ಚು ಅಂದ. ಆಕೆ ಎರಡೂ ಹಾಳೆಗಳನ್ನು ಹರಿದು ಸಂಡಾಸಿನಲ್ಲಿ ಹಾಕಿ ನೀರು ಬಿಟ್ಟಳು.

ಮಧ್ಯಾಹ್ನ ಮೂರರ ಹೊತ್ತಿಗೆ ಮಾವನ ತುಟಿ ಸೀಳಿ ರಕ್ತ ಜಿನುಗುತ್ತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. ಮಗನನ್ನು ತನ್ನ ಸತ್ತ ತಮ್ಮನ ಹೆಸರಿನಿಂದ ಕರೆದ. ದಾನೇಶ್ವರಿಗೆ ಇನ್ನು ತಡೆಯಲಾಗಲಿಲ್ಲ. ಪೊಲೀಸರನ್ನು ಇನ್ನೊಮ್ಮೆ ಕೇಳಿ ಬರುತ್ತೇನೆ ಅಂತ ಹೇಳಿ ಒಬ್ಬಳೇ ಹೊರಟಳು. ಎರಡು ದಿನದಲ್ಲಿ ಆಕೆ ಆ ಪ್ಲಾಟ್‌ಫಾರ್ಮಿನ ಕಸದ ಡಬ್ಬಿಗಳಲ್ಲಿ ಮೂರು ಸಲ ಕೈಯಾಡಿಸಿದ್ದಳು. ಕಳ್ಳನಿಗೆ ಬೇಕಾದದ್ದು ಬೆಳ್ಳಿ. ಒಳಗಿನ ಕರಿಯ ಕಲ್ಲನ್ನು ಎಲ್ಲಾದರೂ ಒಗೆದಿರಬೇಕಲ್ಲ! ನಾಲ್ಕನೆಯ ಸಲವೂ ಸಿಗಲಿಲ್ಲ. ಆಕೆ ಹೆಂಗಸರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಪ್ಪಸದೊಳಗಿನ ಅರಿವೆ ಬಿಚ್ಚಿದಳು.

ಎಲ್ಲ ಲಿಂಗವೂ ಮೇಲಿನಿಂದ ಒಂದೇ ಥರ. ಕರಿಯ ಕಂತಿಯ ಹೊದಿಕೆ, ಗುಂಡಗೆ, ನುಣ್ಣಗೆ. ತನ್ನದನ್ನು ಆಕೆ ಸರಿಯಾಗಿ ನೋಡಿಯೇ ಎಷ್ಟೋ ದಿನವಾಗಿತ್ತು. ಶಾಲೆಯ ಗಡಿಬಿಡಿಯಲ್ಲಿ ಎರಡು ನಿಮಿಷ ಹಿಡಿದು ಕಣ್ಣಿಗೊತ್ತಿಕೊಂಡರೆ ಮುಗಿಯಿತು, ಕೆಲವು ದಿನ ಅದೂ ಇಲ್ಲ. ಗೋಡೆಯ ಮೂಲೆಯ ಧೂಳಿನಲ್ಲಿ ಅದನ್ನು ಒಮ್ಮೆ ಹೊರಳಿಸಿದಳು. ಖಾಲಿ ಅರಿವೆಯನ್ನು ಮೊದಲಿನಂತೆ ಗಂಟು ಹಾಕಿ ಕುಪ್ಪಸದೊಳಗೆ ಬಿಟ್ಟುಕೊಂಡಳು. ಹೊರಗೆ ಬಂದು ಬಾಟಲಿ ಎತ್ತಿ ನೀರು ಕುಡಿದಳು. ಸಲೀಸಾಗಿ ಇಳಿಯಿತು. ಅದನ್ನು ಕಂಡು ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಲಾಡ್ಜಿಗೆ ಬಂದು ಸುಳ್ಳನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಕಸ ಗುಡಿಸುವವಳಿಗೆ ಹಳಿಯ ಬಾಜೂಕ ಸಿಕ್ಕಿತಂತೆ, ಕಳ್ಳ ಕರಡಿಗೆ ಒಯ್ದು ಇದನ್ನು ಒಗೆದಿದ್ದನಂತೆ, ಪೊಲೀಸರು ತೆಗೆದಿಟ್ಟಿದ್ದರಂತೆ. ಗೌರೀಶ ಹೆಂಡತಿಯ ಎರಡೂ ಕೈ ಹಿಡಿದುಕೊಂಡ. ರೇವವ್ವ ನೆಲಕ್ಕೆ ಹಣೆ ಹಚ್ಚಿದಳು. ಶಂಭುಲಿಂಗಪ್ಪ ಎಡಗೈ ಚಾಚಿದ. ಆಕೆ ಲಿಂಗವನ್ನು ಅಂಗೈಯಲ್ಲಿಟ್ಟಳು. ಅವನು ಬಹಳ ಹೊತ್ತು ಅದನ್ನೇ ನೋಡಿದ. ತಲೆ ಎತ್ತಿ ಸೊಸೆಯನ್ನು ನೋಡಿದ. ಆಮೇಲೆ ಭಸ್ಮ ಕೇಳಿದ, ಪೂಜೆ ಮಾಡಿದ, ನೀರು ಕುಡಿದ. ಒಂದು ತಂಬಿಗೆ, ಇನ್ನೊಂದು ತಂಬಿಗೆ. ಗದ್ದದಿಂದ ಇಳಿದದ್ದನ್ನೂ ಅಂಗೈಯಿಂದ ಒರೆಸಿ ನೆಕ್ಕಿದ. ದಾನೇಶ್ವರಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಬುಧವಾರ ಊರು ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಬಂದಿತ್ತು. ಎರಡು ಕೋಟಿ ಮಂದಿಯ ಊರಿನಲ್ಲಿ ಕಳೆದ ಲಿಂಗ ಹೊರಳಿ ಒಡೆಯನ ಕೈಗೆ ಬಂದಿದೆ ಅಂದರೆ ಸಣ್ಣ ಮಾತೇ? ಮಂದಿ ಕಾಯಿ ಹೂವು ಹಿಡಿದು ಬಂದರು. ಎದುರು ಮನೆಯ ಬಸಕ್ಕ ಶಂಭುಲಿಂಗಪ್ಪನ ಕಾಲು ಮುಟ್ಟಿ ಹೋದಳು. ಬಾಜೂ ಮನೆಯ ಶಮೀಮಾಬಿ ಬಂದು, ನಿಮ್ಮ ಈಮಾನ್ ದೊಡ್ಡದು ಕಾಕಾ, ಅದಕ್ಕೇ ದೇವರು ತಿರುಗಿ ಕೊಟ್ಟ ಅಂದಳು. ಕಾಶಿನಾಥಯ್ಯನವರು ಖುದ್ದಾಗಿ ಬಂದು ಹೊಸ ದಾರ ಹಾಕಿ, ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿದರು. ಶಂಭುಲಿಂಗಪ್ಪ ಯಾರ ಮುಖವನ್ನೂ ನೋಡದೆ ಕುಳಿತಿದ್ದ. ದಣಿದಿದ್ದಾರೆ ಅಂದರು ಎಲ್ಲರೂ. ದಾನೇಶ್ವರಿ ಒಳಗೆ ಚಹಾ ಸೋಸುತ್ತ ಸೋಸುತ್ತ ಕೈ ಸುಟ್ಟುಕೊಂಡಳು.

ಬೇಸ್ತವಾರ ಅವನಿಗೆ ಮೂತ್ರ ಬರಲಿಲ್ಲ. ಶುಕ್ರವಾರ ಕಾಲು ಬಾತು ಹೊಳೆಯತೊಡಗಿದವು. ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಕಿಡ್ನಿ ಎರಡೂ ಸೋತಿವೆ ಅಂದರು. ಎಷ್ಟು ಹೊತ್ತು ನೀರಿಲ್ಲದೆ ಇದ್ದರು ಅಂತ ಡಾಕ್ಟರು ಕೇಳಿದಾಗ ಗೌರೀಶ ಹೇಳಿದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಮತ್ತೊಮ್ಮೆ ಕೇಳಿದರು. ಯಂತ್ರ ಹಚ್ಚಿ ರಕ್ತ ಸೋಸಿದರು. ಒಂದು ದಿನ ತುಸು ಚೇತರಿಸಿಕೊಂಡರೆ ಎರಡು ದಿನ ಮಂಕು.

ದವಾಖಾನೆ ಸೇರಿದ ಏಳನೆಯ ದಿನ ಮಧ್ಯಾಹ್ನ ರೇವವ್ವ ಕೆಳಗೆ ಕ್ಯಾಂಟೀನಿಗೆ ಹೋಗಿದ್ದಳು. ಶಂಭುಲಿಂಗಪ್ಪ ಕಣ್ಣು ಬಿಟ್ಟು, ಬಾ ಅಂತ ಸೊಸೆಯನ್ನು ಸನ್ನೆ ಮಾಡಿ ಕರೆದ. ಕೊರಳಿನ ಅರಿವೆಯ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದ.

"ಇದು ನಂದಲ್ಲವಾ," ಅಂದ.

ದಾನೇಶ್ವರಿ ಹಿಂದೆ ತಿರುಗಿ ಬಾಗಿಲು ನೋಡಿದಳು.

"ಅರವತ್ತಾರು ವರ್ಷ ಹಿಡದ ಕೈ. ತೂಕ ಗೊತ್ತಾಗೂದಿಲ್ಲೇನ? ನೀ ಅಂಗೈಯಾಗ ಇಟ್ಟ ಕೂಡಲೇ ಗೊತ್ತಾತು. ನಿಂದು ಅಂತನೂ ಗೊತ್ತಾತು."

ಆಕೆ ಮಂಚದ ಕಬ್ಬಿಣ ಹಿಡಿದು ನಿಂತಳು.

"ಗೊತ್ತಿದ್ದೂ ಕುಡದೆ," ಅಂದ ಅವನು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು. "ಅದಕ್ಕ ನಿನಗ ಏನೂ ಅನ್ನೂದಿಲ್ಲ. ನೀ ಕೊಟ್ಟಿ, ನಾ ತಗೊಂಡೆ. ನೀರು ಕಂಡಕೂಡಲೇ ನನಗ ಏನೂ ಬ್ಯಾಡಾತು, ದೇವರೂ ಬ್ಯಾಡಾತು. ಇದನ್ನ ಯಾರ ಮುಂದೂ ಅನಬ್ಯಾಡ, ಯವ್ವಾ. ನಾ ಸತ್ತರ ಇದನ್ನ ನನ್ನ ಕೈಯಾಗ ಇಡಗೊಡಬ್ಯಾಡ. ನಿಂದು ನಿನಗ ತಗೋ."

ಗಂಟು ಬಿಚ್ಚಲು ಬೆರಳಿಗೆ ತ್ರಾಣವಿರಲಿಲ್ಲ. ದಾನೇಶ್ವರಿ ಬಗ್ಗಿ ಕೈ ಹಚ್ಚಿದಳು. ಅಷ್ಟರಲ್ಲಿ ರೇವವ್ವ ಬಾಗಿಲಿಗೆ ಬಂದು, ಲಿಂಗ ಯಾಕ ಬಿಚ್ಚಾಕತ್ತೀಯೇ, ಒಂದು ಸಲ ಬಿಚ್ಚಿಸಿದ್ದು ಸಾಲದೇನ ಅಂದಳು. ದಾನೇಶ್ವರಿ ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ಅತ್ತೆ ಆ ವಿಷಯಕ್ಕೆ ಆಕೆಯನ್ನು ಅಂದದ್ದು ಅದೊಂದೇ ಮಾತು. ಮರುದಿನ ಶಂಭುಲಿಂಗಪ್ಪನಿಗೆ ಎಚ್ಚರ ತಪ್ಪಿತು. ಹತ್ತನೆಯ ದಿನ ಬೆಳಗ್ಗೆ ಹೋದ.

ಹೆಣವನ್ನು ಊರಿಗೆ ತಂದು ಪಡಸಾಲೆಯಲ್ಲಿ ಕೂಡಿಸಿದರು. ರೇವವ್ವ ಅತ್ತದ್ದಕ್ಕಿಂತ ಹೆಚ್ಚು ಮಾತಾಡಿದಳು. ನನ್ನ ಸಮುದ್ರದ ಹುಚ್ಚಿಗೆ ನನ್ನ ಗಂಡನನ್ನು ಬಲಿ ಕೊಟ್ಟೆ ಅಂತ ಬಂದವರ ಮುಂದೆಲ್ಲ ಹೇಳಿದಳು. ಆಮೇಲೆ ಗಂಡನ ಎದೆಯ ಮೇಲಿನ ಅರಿವೆ ಸವರಿ, ಲಿಂಗವಾದರೂ ಕೈ ಬಿಡಲಿಲ್ಲ ಇವರದು, ಹುಡುಕಿಕೊಂಡು ಬಂತು, ಅಷ್ಟೇ ನನಗೆ ಸಮಾಧಾನ ಅಂದಳು. ಹತ್ತು ಸಲ ಅಂದಳು. ಹಾಗೆ ಅಂದಾಗಲೆಲ್ಲ ಆಕೆಯ ಉಸಿರು ತುಸು ತಹಬಂದಿಗೆ ಬರುತ್ತಿತ್ತು.

ದಾನೇಶ್ವರಿ ಬಾಗಿಲ ಬಳಿ ಕಾಶಿನಾಥಯ್ಯನವರಿಗಾಗಿ ಕಾಯುತ್ತಿದ್ದಳು. ಲಿಂಗ ತನ್ನದು ಅಂತಷ್ಟೇ ಅವರೊಬ್ಬರಿಗೆ ಹೇಳಿದರೆ ಗುಟ್ಟಾಗಿ ಹೊಸ ಲಿಂಗ ತಂದು ಇಟ್ಟಾರು, ಮಾವನ ಎರಡೂ ಮಾತು ಉಳಿದಾವು ಅಂತ ಆಕೆಯ ಆಸೆ. ಅಯ್ಯನವರು ಬಂದರು. ಆಕೆ ಅಪ್ಪಾರ ಅಂತ ಬಾಯಿ ತೆರೆಯುವ ಮುಂಚೆಯೇ, ಏಳು ಮಂದಿ ಹಿರಿಯರನ್ನು ಕೂಡಿಸಿಕೊಂಡು, ಮುಂಬೈಯಿಂದ ತಿರುಗಿ ಬಂದ ಲಿಂಗ ಇದು, ಇಂಥ ಭಕ್ತನನ್ನು ನಮ್ಮ ಊರು ಕಂಡಿರಲಿಲ್ಲ ಅಂತ ಗಟ್ಟಿ ದನಿಯಲ್ಲಿ ಹೇಳತೊಡಗಿದರು. ರೇವವ್ವ ಅವರ ಕಡೆ ಮುಖವೆತ್ತಿ ಕೇಳುತ್ತಿದ್ದಳು. ಆ ಮುಖ ನೋಡಿ ದಾನೇಶ್ವರಿ ಬಾಗಿಲ ಬಳಿಯೇ ನಿಂತುಬಿಟ್ಟಳು.

ಹೊಲದಲ್ಲಿ ಕರಿಮಣ್ಣು ತೋಡಿದ್ದರು. ಶಂಭುಲಿಂಗಪ್ಪನನ್ನು ಕುಣಿಯಲ್ಲಿ ಕೂಡಿಸಿದರು. ಗಂಡನ ಎಡಗೈಯಲ್ಲಿ ಲಿಂಗ ಇಡುವುದು ನನ್ನ ಕೈಯಿಂದಲೇ ಆಗಲಿ ಅಂತ ರೇವವ್ವ ಹಟ ಹಿಡಿದಿದ್ದಳು. ಇಬ್ಬರು ಆಕೆಯನ್ನು ಹಿಡಿದು ಇಳಿಸಿದರು. ಆಕೆ ಅರಿವೆ ಬಿಚ್ಚಿ ಲಿಂಗ ತೆಗೆದು, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿಟ್ಟು ಮತ್ತೆ ಒಂದೊಂದಾಗಿ ಮುಚ್ಚಿದಳು. ದಾನೇಶ್ವರಿಗೆ ಐದು ವರ್ಷವಿದ್ದಾಗ ತವರುಮನೆ ಮೊರಬದಲ್ಲಿ ಅಜ್ಜಿಯ ತೊಡೆಯ ಮೇಲೆ ಕೂಡಿಸಿ ಕಟ್ಟಿದ ಲಿಂಗ ಅದು. ಲಿಂಗದ ಜೊತೆ ಮಣ್ಣಿಗೆ ಹೋಗುವುದು ಅದನ್ನು ಹೊತ್ತ ಮೈಯಷ್ಟೇ. ಇಲ್ಲಿ ಹೊತ್ತ ಮೈ ದಂಡೆಯ ಮೇಲೆ ನಿಂತಿತ್ತು. ಒಂದು ಮಾತು ಸಾಕಿತ್ತು, ನಿಲ್ಲಿಸ್ರಿ ಅಂತ. ಮಾವ ಬೇಡ ಅಂದದ್ದು ಮಾವನ ಕೈಯಲ್ಲೇ ಇತ್ತು. ಆಕೆ ಅನ್ನಲಿಲ್ಲ. ಭಸ್ಮ, ಪತ್ರಿ, ಉಪ್ಪು ಬಿದ್ದವು. ಮಣ್ಣು ಬಿತ್ತು.

ಅವತ್ತು ರೇವವ್ವ ಬಾಯಿಗೆ ಏನೂ ಹಾಕಲಿಲ್ಲ. ಮರುದಿನವೂ ಇಲ್ಲ. ಶಮೀಮಾಬಿ ಬಂದು ಕೈಹಿಡಿದು ಹೇಳಿದಳು, ಬಸಕ್ಕ ಗಂಜಿ ಮಾಡಿ ತಂದಳು, ಗೌರೀಶ ಕಾಲು ಹಿಡಿದ. ಅಪ್ಪ ಹೋದದ್ದೂ ಹೀಗೆಯೇ, ಇನ್ನು ನಿನ್ನನ್ನೂ ಕಳಿಸಿ ನಾನು ಏನು ಮಾಡಲಿ ಅಂತ ಮಗು ಅತ್ತಂತೆ ಅತ್ತ. ಕೊನೆಗೆ ಆಕೆ, ನಾಳೆ ಬೆಳಗ್ಗೆ ಸೊಸೆಯ ಜೊತೆ ಕುಳಿತು ಪೂಜೆ ಮಾಡಿ ಉಣ್ಣುತ್ತೇನೆ, ಒಬ್ಬಳೇ ಕೂಡಲು ಆಗುವುದಿಲ್ಲ ಅಂದಳು. ಇಷ್ಟು ವರ್ಷ ಗಂಡನ ಬಾಜೂಕ ಕುಳಿತವಳು. ಎಲ್ಲರಿಗೂ ನಿರಾಳವಾಯಿತು.

ಬೆಳಗ್ಗೆ ದೇವರ ಕೋಣೆಯಲ್ಲಿ ಎರಡು ಮಣೆ ಹಾಕಿತ್ತು. ನಡುವೆ ಒಂದು ತಂಬಿಗೆ ನೀರು, ಭಸ್ಮದ ಬಟ್ಟಲು. ಸ್ನಾನ ಮಾಡಿ ಬಂದ ದಾನೇಶ್ವರಿ ಮಣೆಯ ಮೇಲೆ ಕುಳಿತಳು. ಮುಟ್ಟಾಗಿದೆ ಅಂತ ಸುಳ್ಳು ಹೇಳಲು ಬರುವುದಿಲ್ಲ, ಲಿಂಗ ಕಟ್ಟಿದವರಲ್ಲಿ ಅದಕ್ಕೆ ತಡೆಯಿಲ್ಲ. ತಲೆನೋವು ಅಂದರೆ ಅತ್ತೆ ಉಣ್ಣುವುದಿಲ್ಲ. ರೇವವ್ವ ತನ್ನ ಲಿಂಗ ಅಂಗೈಯಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಮೂರು ದಿನದಲ್ಲಿ ಆಕೆಯ ಕಣ್ಣು ಗುಳಿ ಬಿದ್ದಿದ್ದವು, ತುಟಿಯ ಮೇಲೆ ಬಿಳಿ ಪೊರೆ ಬಂದಿತ್ತು. ಅಂಥದೇ ತುಟಿ ದಾನೇಶ್ವರಿ ಈಗಾಗಲೇ ಒಂದು ಸಲ ನೋಡಿದ್ದಳು.

ಆಕೆ ಕುಪ್ಪಸದೊಳಗಿನ ಅರಿವೆ ತೆಗೆದು ಗಂಟು ಬಿಚ್ಚಿ ಅತ್ತೆಯ ಮುಂದೆ ಹಾಸಿದಳು. ಖಾಲಿ ಇತ್ತು.

ರೇವವ್ವ ಅರಿವೆ ನೋಡಿದಳು. ಸೊಸೆಯನ್ನು ನೋಡಿದಳು. ಕೇಳುವಂಥದ್ದು ಬಹಳವಿತ್ತು, ಆದರೆ ಆಕೆ ದಡ್ಡಳಲ್ಲ. ಮೊನ್ನೆ ತನ್ನ ಬೆರಳಿನಿಂದಲೇ ಮುಚ್ಚಿದ ಮುಷ್ಟಿ ಆಕೆಯ ಕಣ್ಣ ಮುಂದೆ ಬಂದಿರಬೇಕು. ಬಲಗೈ ಎತ್ತಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ಇಳಿಸಿದಳು.

"ಅವರಿಗೆ ಗೊತ್ತಿತ್ತೇನ?"

ಯಾರ ಮುಂದೂ ಅನ್ನಬೇಡ ಅಂದಿದ್ದ ಮಾವ. ಇಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಏನು ಭಾರ? ಇಲ್ರೀ ಅತ್ತಿ ಅಂದರೆ ಮುಗಿಯುತ್ತಿತ್ತು. ದಾನೇಶ್ವರಿ ಹಾಗೆ ಅನ್ನಲೆಂದೇ ಬಾಯಿ ತೆರೆದಳು. ಆಕೆಯ ಕೈಯಲ್ಲಾಗಲಿಲ್ಲ.

"ಗೊತ್ತಿತ್ರಿ. ಕೈಯಾಗ ಹಿಡದ ಕೂಡಲೇ ಗೊತ್ತಾಗಿತ್ತಂತ."

"ಮತ್ತ ಕುಡದರ?"

"ಕುಡದರ್ರಿ."

ಬೈಗುಳ ಬರುತ್ತದೆ, ಏಟು ಬೀಳುತ್ತದೆ, ಗಂಡನನ್ನು ಕರೆಯುತ್ತಾಳೆ ಅಂತ ದಾನೇಶ್ವರಿ ತಲೆ ತಗ್ಗಿಸಿ ಕಾದಳು. ಅವೆಲ್ಲ ಬಂದಿದ್ದರೆ ಆಕೆಯೂ ಬದುಕಿಕೊಳ್ಳುತ್ತಿದ್ದಳು. ರೇವವ್ವ ನೀರಿನ ತಂಬಿಗೆಯನ್ನೇ ನೋಡುತ್ತ ಕುಳಿತಿದ್ದಳು.

"ಅಷ್ಟು ನೀರಡಿಕಿ ಆಗಿತ್ತೇನ ಅವರಿಗೆ," ಅಂದಳು. ದನಿ ಸಣ್ಣಗಿತ್ತು. "ಆ ರೂಮಿನ್ಯಾಗ ನಾ ಬಾಜೂಕ ಕುಂತು ಚಾ ಕುಡದ್ನಲ್ಲ, ಯವ್ವಾ. ಎರಡು ಸಲ. ಅವರು ನನ್ನ ಕಪ್ಪನ್ನ ನೋಡಕೋತ ಕುಂತಿದ್ರು. ನಾ ಅದನ್ನ ಭಕ್ತಿ ಅಂತ ತಿಳಕೊಂಡಿದ್ದೆ."

ಹೊರಗೆ ಗೌರೀಶ, ಪೂಜೆ ಮುಗಿಯಿತೇ, ಗಂಜಿ ಬಡಿಸಲೇ ಅಂತ ಕೇಳುತ್ತಿದ್ದ.